ಕೊಂಡಿ ಇರುವ ಮಾತು

ಕಾಮಿಕ್ಸ್ ಓದುವ ಕಾರ್ಯಕ್ರಮಕ್ಕೆ ಅವ್ವನನ್ನು ಕರೆದುಕೊಂಡು ಹೋಗಬೇಕು ಅಂತ ನಾನೇನೂ ಅಂದುಕೊಂಡಿರಲಿಲ್ಲ. ಆಕೆಯ ಎಡಗಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಹುಬ್ಬಳ್ಳಿಯಲ್ಲೇ ಮಾಡಿಸಬಹುದಿತ್ತು. ಆದರೆ ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಲು ಊರಲ್ಲಿ ಯಾರಿದ್ದಾರೆ? ತಂಗಿ ಗದಗಿನಲ್ಲಿ, ನಾನು ಬೆಂಗಳೂರಿನಲ್ಲಿ. ಹಾಗಾಗಿ ಅವ್ವ ಶಿರೋಳದ ಮನೆಗೆ ಬೀಗ ಹಾಕಿ, ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನನ್ನಲ್ಲಿಗೆ ಬಂದಿದ್ದಳು. ಆ ಭಾನುವಾರ ಸಂಜೆ ಹೆಂಡತಿಗೆ ಡ್ಯೂಟಿ ಇತ್ತು. ಕಾರ್ಯಕ್ರಮ ತಪ್ಪಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

‘ಚಿತ್ರ ತೋರಸ್ತಾರ, ಬಾ’ ಅಂದೆ.

‘ಸಿನಿಮಾ ಏನು?’

‘ಅಲ್ಲ.’

‘ಮತ್ತ?’

ಏನು ಹೇಳಬೇಕೋ ತಿಳಿಯಲಿಲ್ಲ. ಚಿತ್ರ ಬರೆದವರೇ ಬಂದು, ಎಲ್ಲರ ಮುಂದೆ ನಿಂತು, ತಮ್ಮ ಚಿತ್ರದ ಕತೆಯನ್ನು ಓದಿ ಹೇಳುತ್ತಾರೆ ಅಂದೆ. ಅವ್ವ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಇಳಕಲ್ ಸೀರೆಯ ಸೆರಗು ಸರಿ ಮಾಡಿಕೊಂಡು, ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಹೊರಟೇಬಿಟ್ಟಳು.

ಒಂದು ಪುಸ್ತಕದಂಗಡಿಯ ಮೇಲ್ಮಹಡಿ. ಐವತ್ತು ಕುರ್ಚಿ, ಬಿಳಿ ಪರದೆ, ಪ್ರೊಜೆಕ್ಟರು. ಬಂದವರಲ್ಲಿ ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ಅವ್ವನನ್ನು ನೋಡಿ ಒಬ್ಬ ಹುಡುಗಿ ಎದ್ದು ಮುಂದಿನ ಸಾಲಿನಲ್ಲಿ ಜಾಗ ಕೊಟ್ಟಳು. ಪಕ್ಕದ ಕುರ್ಚಿಯೂ ಖಾಲಿಯಾಗಿ ನನಗೆ ಸಿಕ್ಕಿತು. ಅವ್ವನಿಂದಾಗಿ ಬೆಂಗಳೂರಿನಲ್ಲಿ ನನಗೆ ಸಿಕ್ಕ ಸವಲತ್ತುಗಳಲ್ಲಿ ಇದೂ ಒಂದು.

ವ್ಯಂಗ್ಯಚಿತ್ರ ನೋಡಲು ಈ ಊರಿನಲ್ಲಿ ಜಾಗಗಳಿಲ್ಲವೆಂದಲ್ಲ. ಟ್ರಿನಿಟಿ ವೃತ್ತದ ಹತ್ತಿರ 2007ರಿಂದ ನಡೆಯುತ್ತಿರುವ ಕಾರ್ಟೂನ್ ಗ್ಯಾಲರಿಗೆ ನಾನು ಎಷ್ಟೋ ಶನಿವಾರ ಹೋಗಿದ್ದೇನೆ. ಅಲ್ಲಿ ಗೋಡೆಯ ಮೇಲಿನ ಚಿತ್ರದ ಮುಂದೆ ನಿಂತು ನಾವೇ ನೋಡಬೇಕು, ನಾವೇ ನಗಬೇಕು. ಇದರ ರೀತಿ ಬೇರೆ. ಪುಸ್ತಕದಲ್ಲಿ ಕಾಮಿಕ್ಸ್ ಓದುವಾಗ ಎರಡು ಪುಟ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಮೊದಲ ಚೌಕದಲ್ಲಿ ಕಳ್ಳ ಗೋಡೆ ಹಾರುತ್ತಿರುವಾಗಲೇ ಕೊನೆಯ ಚೌಕದಲ್ಲಿ ಅವನ ಕೈಗೆ ಬೇಡಿ ಬಿದ್ದದ್ದು ಓರೆಗಣ್ಣಿಗೆ ಕಂಡುಬಿಡುತ್ತದೆ. ಇಲ್ಲಿ ಪರದೆಗೆ ಒಂದೊಂದೇ ಚೌಕ ಬರುತ್ತದೆ. ಮುಂದಿನದು ಯಾವಾಗ ಬರಬೇಕು ಅನ್ನುವುದು ಓದುವವರ ಬೆರಳಲ್ಲಿದೆ. ಪಾತ್ರಗಳ ದನಿ, ಬಾಗಿಲು ಕಿರುಗುಟ್ಟುವುದು, ಮಳೆ ಸುರಿಯುವುದು ಎಲ್ಲವನ್ನೂ ಅವರೇ ಬಾಯಲ್ಲಿ ಮಾಡುತ್ತಾರೆ. ಮನೆಯಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ಕತೆ ಇಲ್ಲಿ ಹದಿನೈದು ನಿಮಿಷ ನಡೆಯುತ್ತದೆ.

ನಿರೂಪಣೆ ಮಾಡುತ್ತಿದ್ದಾತ ಶುರುವಿನಲ್ಲಿ ಕನ್ನಡದ ಹೆಮ್ಮೆಯ ಒಂದು ಸಂಗತಿ ಹೇಳಿದ. ಅಮರ ಚಿತ್ರ ಕಥೆ ಮೊದಲು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ, 1965ರಲ್ಲಿ; ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ. ಅದನ್ನು ದೇಶಕ್ಕೆಲ್ಲ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದೂ ನಮ್ಮ ಕಾರ್ಕಳದಲ್ಲಿ. ಜನ ಚಪ್ಪಾಳೆ ಹೊಡೆದರು. ಅವ್ವನೂ ಹೊಡೆದಳು. ಅದರ ಮುಂದಿನ ಅರ್ಧ ಗಂಟೆ ಇಂಗ್ಲಿಷು ಬೆರೆಸಿಯೇ ನಡೆಯಿತು ಅನ್ನುವುದು ಬೇರೆ ಮಾತು.

ಮೊದಲು ಓದಿದವನು ಸಾಫ್ಟ್‌ವೇರ್ ಕಂಪನಿಯ ಹುಡುಗ. ಆಫೀಸಿನ ಲಿಫ್ಟಿನಲ್ಲಿ ಸಿಕ್ಕಿಬಿದ್ದ ನಾಲ್ವರ ಕತೆ. ಚಿತ್ರ ಚೆನ್ನಾಗಿದ್ದವು, ಆದರೆ ಪ್ರತಿ ಗುಳ್ಳೆಯೊಳಗೂ ಐದೈದು ಸಾಲು ಮಾತು. ಅವನು ಒಂದಕ್ಷರ ಬಿಡದೆ ಎಲ್ಲವನ್ನೂ ಓದಿದ. ಅವ್ವ ನನ್ನ ಕಡೆ ಬಾಗಿ ಕೇಳಿದಳು. ನಮ್ಮ ಕಡೆಯವರ ಪಿಸುಮಾತು ಎಷ್ಟು ಪಿಸುವಾಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು.

‘ಬರದದ್ದನ್ನ ಯಾಕ ಓದಾಕತ್ಯಾನ? ಇಲ್ಲೆ ಎಲ್ಲಾರಿಗೂ ಓದಾಕ ಬರತೈತಲ್ಲ.’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಓದುತ್ತಿದ್ದ ಹುಡುಗನಿಗೂ ಕೇಳಿರಬೇಕು. ನನಗೆ ನಾಚಿಕೆಯಾಯಿತು. ಹುಡುಗ ನೊಂದುಕೊಂಡಾನು ಅಂತಲ್ಲ. ಎಲ್ಲರಿಗೂ ಓದಲು ಬರುತ್ತದೆ ಅನ್ನುವ ಮಾತನ್ನು ಆ ಕೋಣೆಯಲ್ಲಿ ಓದಲು ಬಾರದ ಒಬ್ಬಳೇ ಒಬ್ಬಳು ಹೇಳಿದ್ದಳು. ಆಕೆಗೆ ಓದಲು ಬರುವುದಿಲ್ಲ ಅನ್ನುವುದನ್ನು ಒಮ್ಮೆ ನಾಲ್ಕು ಜನರ ಮುಂದೆ ಸಾರಿದವನು ನಾನೇ.

ಅದು ತೊಂಬತ್ತರ ದಶಕದ ಮಾತು. ಅಪ್ಪ ನರಗುಂದಕ್ಕೆ ಸಂತೆಗೋ, ಹತ್ತಿ ಮಾರಲಿಕ್ಕೋ ಹೋದಾಗ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಬಾಲಮಂಗಳ ತರುತ್ತಿದ್ದ. ಪ್ರತಿ ಸಂಚಿಕೆಯೂ ಬರುತ್ತಿರಲಿಲ್ಲ; ಕೈಯಲ್ಲಿ ರೊಕ್ಕ ಉಳಿದರೆ ಬರುತ್ತಿತ್ತು. ಅದರಲ್ಲಿ ಡಿಂಗ ಇದ್ದ. ಹಾರುವ, ಗುದ್ದುವ, ಕಷ್ಟದಲ್ಲಿದ್ದವರು ಕರೆದರೆ ಓಡಿ ಬರುವ ಇಲಿ. ಅವನು ಮಲಯಾಳದ ಡಿಂಕನ್ ಅನ್ನುವುದೆಲ್ಲ ದೊಡ್ಡವನಾದ ಮೇಲೆ ತಿಳಿದದ್ದು. ರಾತ್ರಿ ಊಟವಾದ ಮೇಲೆ ಅವ್ವ ನನ್ನನ್ನೂ ತಂಗಿಯನ್ನೂ ಎರಡು ತೊಡೆಗೆ ಒರಗಿಸಿಕೊಂಡು ಪುಸ್ತಕ ಬಿಚ್ಚುತ್ತಿದ್ದಳು. ಬೆರಳಿಟ್ಟು ಒಂದೊಂದೇ ಚಿತ್ರ ತೋರಿಸಿ ಕತೆ ಹೇಳುತ್ತಿದ್ದಳು. ಅವಳ ಡಿಂಗನಿಗೆ ಒಬ್ಬ ತಾಯಿ ಇದ್ದಳು. ಅವಳು ಬೆಣ್ಣಿಹಳ್ಳದ ನೆರೆಯಲ್ಲಿ ತೇಲಿ ಹೋಗಿದ್ದಳು. ಅದಕ್ಕೇ ಡಿಂಗ ಯಾರು ಕೂಗಿದರೂ ಓಡಿ ಹೋಗುತ್ತಿದ್ದ, ತನ್ನ ಅವ್ವನೇ ಕೂಗಿದಳೇನೋ ಅಂತ. ಒಂದೇ ಪುಸ್ತಕವನ್ನು ಹತ್ತು ರಾತ್ರಿ ಹೇಳಿದರೂ ಅವಳ ಕತೆ ಸ್ವಲ್ಪ ಸ್ವಲ್ಪ ಬದಲಾಗುತ್ತಿತ್ತು. ಆದರೆ ಯಾವತ್ತೂ ಚಿತ್ರಕ್ಕೆ ತಪ್ಪುತ್ತಿರಲಿಲ್ಲ. ಚಿತ್ರದಲ್ಲಿ ಡಿಂಗ ಎಡಗೈ ಎತ್ತಿದ್ದರೆ ಕತೆಯಲ್ಲೂ ಎಡಗೈಯೇ.

ನಾನು ಮೂರನೇ ಇಯತ್ತೆಗೆ ಬಂದೆ. ಅಕ್ಷರ ಕೂಡಿಸಿ ಓದಲು ಬಂತು. ಒಂದು ರಾತ್ರಿ ಮನೆಗೆ ಕಾಕಾ, ಕಾಕಿ, ಬೀಗರು ಯಾರೋ ಬಂದಿದ್ದರು. ಅವ್ವ ಎಂದಿನಂತೆ ಶುರು ಮಾಡಿದಳು. ನಾನು ಎದ್ದು ನಿಂತು ಅಂದೆ: ‘ಅವ್ವಾ, ಅಲ್ಲೆ ಹಂಗ ಬರದೇ ಇಲ್ಲ. ನಿನಗ ಓದಾಕ ಬರೂದಿಲ್ಲ. ಸುಳ್ಳ ಹೇಳತಿ.’

ಎಲ್ಲರೂ ನಕ್ಕರು. ಮಗ ಶಾಣ್ಯಾ ಆದ ಅಂದರು. ಅವ್ವನೂ ನಕ್ಕಳು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ‘ಹಂಗಾರ ನೀನ ಓದಪಾ’ ಅಂದು ಒಳಗೆ ಹೋದಳು. ನಾನು ಓದಿದೆ. ‘ಡಿಂ-ಗಾ ಕಾ-ಪಾ-ಡು’ ಅಂತ ಒಂದೊಂದೇ ಅಕ್ಷರ ಹಿಡಿದು. ತಂಗಿ ಐದು ನಿಮಿಷ ಕೇಳಿ, ಈ ಕತೆ ಬೇಡ, ಅವ್ವನದು ಬೇಕು ಅಂತ ಅತ್ತಳು. ಅವ್ವ ಬರಲಿಲ್ಲ. ಆಮೇಲೆಂದೂ ಆಕೆ ನಮ್ಮ ಪುಸ್ತಕ ಬಿಚ್ಚಲಿಲ್ಲ. ಮುಂದೆ ಊರಲ್ಲಿ ಸಾಕ್ಷರತೆಯ ರಾತ್ರಿ ಶಾಲೆ ನಡೆದಾಗ ಪಾಟಿ ಹಿಡಿದುಕೊಂಡು ಎಂಟು ದಿನ ಹೋದಳು, ತನ್ನ ಹೆಸರು ಬರೆಯುವುದನ್ನು ಕಲಿತಳು, ಕಡಲೆ ಕೀಳುವ ಸುಗ್ಗಿ ಬಂತು, ಬಿಟ್ಟಳು. ನಾನು ದೊಡ್ಡವನಾಗಿ ಸಿಕ್ಕಿಸಿಕೊಂಡ ಕೆಲಸವೂ ಅಂಥದೇ: ಪುಸ್ತಕ ಅಚ್ಚು ಮಾಡುವವರಲ್ಲಿ ಕರಡು ತಿದ್ದುವುದು.

ಪರದೆಯ ಮೇಲೆ ಎರಡನೆಯವರ ಕತೆ ನಡೆದಿತ್ತು. ಮಾತೇ ಇಲ್ಲದ ಚಿತ್ರಗಳು. ಕಲಾವಿದೆ ಸುಮ್ಮನೆ ಪಕ್ಕದಲ್ಲಿ ನಿಂತಿದ್ದಳು. ನಡುವೆ ಯಾರದೋ ಫೋನು ಎರಡು ಸಲ ಬಾರಿಸಿ ಎಲ್ಲ ಕೆಟ್ಟಿತು. ಅವ್ವ ಮಾತ್ರ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದಳು. ಪೊರೆ ತೆಗೆದ ಮೇಲೆ ಆಕೆಗೆ ನೀಲಿ ಬಣ್ಣ ಹೊಸದಾಗಿ ಕಾಣುತ್ತಿತ್ತು. ಬೀದಿಯಲ್ಲಿ ಹೋಗುವಾಗಲೂ ‘ಆ ನೀಲಿ ನೋಡೋ’ ಅನ್ನುತ್ತಿದ್ದಳು.

ಮೂರನೆಯ ಕಲಾವಿದೆ, ನಾನು ಇವತ್ತು ನನ್ನದನ್ನು ಓದುವುದಿಲ್ಲ, ನನಗೆ ಚಿತ್ರ ಬರೆಯುವ ಹುಚ್ಚು ಹಿಡಿಸಿದ ಪುಸ್ತಕದ ಕೆಲವು ಪುಟ ತೋರಿಸುತ್ತೇನೆ ಅಂದರು. ಪುಸ್ತಕ ‘ಭೀಮಾಯಣ’. 2011ರಲ್ಲಿ ನವಯಾನ ಪ್ರಕಾಶನ ತಂದದ್ದು. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು, ಚಿತ್ರ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. ಅಂಬೇಡ್ಕರರ ಬಾಳಿನ ಕತೆ. ವ್ಯಾಮ್ ದಂಪತಿ ಮಧ್ಯಪ್ರದೇಶದ ಪರ್ಧಾನ್ ಗೊಂಡ ಸಮುದಾಯದವರು. ‘ಬಾನಾ’ ಎನ್ನುವ ತಂತಿವಾದ್ಯ ನುಡಿಸುತ್ತ ಗೊಂಡರ ಮನೆಗಳ ಮುಂದೆ ವಂಶದ ಕತೆ ಹಾಡುವುದು ಆ ಸಮುದಾಯದ ಹಳೆಯ ಕಸುಬು. ಹಾಡುವವರು ಬರೆಯಲು ಕೂತಾಗ ಕಾಮಿಕ್ಸಿನ ಚೌಕ ಅವರಿಗೆ ಒಗ್ಗಲಿಲ್ಲ. ಮನುಷ್ಯರನ್ನು ಡಬ್ಬಿಯೊಳಗೆ ತುರುಕುವುದು ಬೇಡವೆಂದರು. ಹಾಗಾಗಿ ಆ ಪುಸ್ತಕದಲ್ಲಿ ಚೌಕಗಳೇ ಇಲ್ಲ. ತಮ್ಮ ಮನೆಯ ಗೋಡೆ, ನೆಲದ ಮೇಲೆ ಬರೆಯುವ ‘ದಿಗ್ನಾ’ ಎಂಬ ಬಳ್ಳಿಯಂಥ ವಿನ್ಯಾಸವನ್ನೇ ಪುಟದ ತುಂಬ ಹರಿಯಬಿಟ್ಟು ಘಟನೆಗಳನ್ನು ಬೇರೆ ಮಾಡಿದ್ದಾರೆ.

ಪರದೆಯ ಮೇಲೆ ಶಾಲೆಯ ಪುಟ ಬಂತು. ಕಲಾವಿದೆ ಅಕ್ಷರ ಓದಲಿಲ್ಲ. ಹುಡುಗ ಭೀಮನಿಗೆ ನೀರಡಿಸಿದೆ, ನಲ್ಲಿ ಮುಟ್ಟುವ ಹಾಗಿಲ್ಲ, ಜವಾನ ಬಂದು ತಿರುಗಿಸಿದರೆ ಮಾತ್ರ ನೀರು, ಜವಾನ ಇಲ್ಲದಿದ್ದರೆ ನೀರೂ ಇಲ್ಲ. ಇಷ್ಟು ಹೇಳಿ ಸುಮ್ಮನಾದರು. ಆಮೇಲೆ ಕೇಳಿದರು: ಮಾತಿನ ಗುಳ್ಳೆಗಳನ್ನು ನೋಡಿ, ಏನಾದರೂ ಕಾಣುತ್ತದೆಯೇ?

ನಾನು ಆ ಪುಸ್ತಕವನ್ನು ಹಿಂದೆ ಓದಿದ್ದೆ. ಅಕ್ಷರ ಓದಿದ್ದೆ. ಗುಳ್ಳೆಯ ಆಕಾರದ ಕಡೆ ನನ್ನ ಕಣ್ಣು ನಿಂತಿರಲಿಲ್ಲ. ಸಭೆಯಲ್ಲಿ ಒಂದಿಬ್ಬರು ಬಣ್ಣ, ರೇಖೆ ಅಂತ ಏನೋ ಅಂದರು.

‘ಅಂವನ ಮಾತಿಗೆ ಚೇಳಿನ ಕೊಂಡಿ ಐತಿ’ ಅಂದಳು ಅವ್ವ. ಈ ಸಲ ನನ್ನ ಕಡೆ ಬಾಗದೆ, ನೇರವಾಗಿ. ‘ಹುಡುಗನ ಮಾತು ಹಕ್ಕಿ ಆಗೈತಿ.’

ಕಲಾವಿದೆ ಒಂದು ಕ್ಷಣ ಅವಳನ್ನೇ ನೋಡಿ, ಹೌದಮ್ಮ ಅಂದರು. ಜಾತಿಯ ವಿಷ ಇರುವ ಮಾತಿಗೆ ಕೊಂಡಿಯ ಗುಳ್ಳೆ, ನೋವುಂಡವರ ಮೆದು ಮಾತಿಗೆ ಹಕ್ಕಿಯ ಗುಳ್ಳೆ, ಬಾಯಿಂದ ಹೊರಡದೆ ಮನಸ್ಸಿನಲ್ಲೇ ಉಳಿದ ಮಾತಿಗೆ ಒಂದು ಕಣ್ಣು. ಪುಸ್ತಕದ ಉದ್ದಕ್ಕೂ ಹೀಗೇ ಇದೆ ಅಂತ ವಿವರಿಸಿದರು. ಯಾರೋ ಚಪ್ಪಾಳೆ ಹೊಡೆದರು. ಅವ್ವನಿಗೆ ಅದು ಸೇರಲಿಲ್ಲ. ಕಾಣುವುದನ್ನು ಕಂಡದ್ದಕ್ಕೆ ಚಪ್ಪಾಳೆ ಯಾಕೆ ಅನ್ನುವ ಮುಖ ಮಾಡಿದಳು.

ಕೊನೆಯಲ್ಲಿ ಒಬ್ಬರು ಅಲ್ಲೇ ನಿಂತು ಚಿತ್ರ ಬರೆದು ತೋರಿಸಿದರು. ಹುಡುಗರು ಸುತ್ತ ಮುತ್ತಿಕೊಂಡು ಫೋಟೋ ತೆಗೆದುಕೊಂಡರು. ನಾನು ಕೆಳಗಿಳಿದು ಆ ಪುಸ್ತಕದ ಒಂದು ಪ್ರತಿ ಕೊಂಡೆ. ನನ್ನದು ಯಾರೋ ಒಯ್ದವರು ತಿರುಗಿ ಕೊಟ್ಟಿರಲಿಲ್ಲ.

ಆಟೋದಲ್ಲಿ ಅವ್ವ ಅಂದಳು: ‘ಗೊಂಬಿರಾಮರ ಆಟ ನೋಡಿದಂಗಾತು.’

ಗೊಂಬಿರಾಮರು ಅಂದರೆ ತೊಗಲುಗೊಂಬೆ ಆಡಿಸುವವರು. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಅಂತಲೂ ಕರೆಯುತ್ತಾರೆ. ಮಳೆ ಹೋದ ವರ್ಷ ಅವರನ್ನು ಕರೆಸಿ ಆಟ ಆಡಿಸಿದರೆ ಮಳೆ ಬರುತ್ತದೆ ಅನ್ನುವ ನಂಬಿಕೆ ನಮ್ಮ ಸೀಮೆಯ ಎರೆ ಹೊಲದವರಲ್ಲಿ ಇತ್ತು. ಅವ್ವ ಸಣ್ಣಾಕಿದ್ದಾಗ ತವರಲ್ಲಿ ನೋಡಿದ್ದಳಂತೆ. ಬಿಳಿ ಪರದೆ, ಹಿಂದೆ ದೀಪ, ಹದ ಮಾಡಿದ ತೊಗಲಿನ ಮೇಲೆ ಬಣ್ಣದ ಚಿತ್ರ. ನಮ್ಮ ಗೊಂಬೆಗಳಲ್ಲಿ ಒಂದೊಂದು ತೊಗಲಿನಲ್ಲೇ ನಾಲ್ಕೈದು ಜನ ಇರುವುದುಂಟು; ರಾಮ, ಲಕ್ಷ್ಮಣ, ಸೀತೆ, ಗಿಡ, ಹಕ್ಕಿ ಎಲ್ಲ ಸೇರಿ ಒಂದೇ ಚಿತ್ರ. ನೋಡಿದರೆ ಕಾಮಿಕ್ಸಿನ ಒಂದು ಚೌಕವೇ. ಹಿಂದೆ ಕೂತವನು ಅದನ್ನು ಪರದೆಗೆ ಆನಿಸಿ ಎಲ್ಲರ ದನಿಯನ್ನೂ ತಾನೇ ತೆಗೆಯುತ್ತಾನೆ. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ ಹೋಗುತ್ತಾರೆ.

‘ಅವರಿಗೆ ಎಲ್ಲಿ ಅಕ್ಷರ ಬರತಿತ್ತು? ರಾತ್ರಿ ಎಲ್ಲಾ ಹೇಳತಿದ್ರು’ ಅಂದಳು ಅವ್ವ. ನಾನು ಮೊರನಾಳದ ಭೀಮವ್ವನ ಸುದ್ದಿ ಹೇಳಿದೆ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ಹೊರದೇಶಗಳಲ್ಲೂ ಗೊಂಬೆ ಆಡಿಸಿ ಬಂದವರು. ಅವ್ವ ಕೇಳಿ, ‘ಆಕಿಗೆ ಯಾರೂ ಸುಳ್ಳ ಹೇಳತಿ ಅನ್ನಲಿಲ್ಲ ಹಂಗಾರ’ ಅಂದು ಹೊರಗೆ ನೋಡತೊಡಗಿದಳು.

ಆಕೆಗೆ ಆ ರಾತ್ರಿ ನೆನಪಿದೆಯೋ ಇಲ್ಲವೋ ಅಂತ ಮೂವತ್ತು ವರ್ಷ ನನಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಬಂದಿರಲಿಲ್ಲ. ಆಟೋ ಸಿಗ್ನಲ್ಲಿನಲ್ಲಿ ನಿಂತಿತ್ತು. ‘ಅವ್ವಾ, ನಾ ಆವಾಗ...’ ಅಂದೆ. ‘ಆ ಹುಡುಗಗ ಕಡೀಕ ನೀರು ಸಿಕ್ತೇನು?’ ಅಂದಳು. ಕಲಾವಿದೆ ಕೆಲವೇ ಪುಟ ತೋರಿಸಿದ್ದರಲ್ಲ, ಆಕೆಗೆ ಅದೇ ಕೊರೆಯುತ್ತಿತ್ತು.

ಮನೆಗೆ ಬಂದು ಕಣ್ಣಿಗೆ ಹನಿ ಹಾಕಿದೆ. ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ಕೂತಳು. ಆಮೇಲೆ ನಾನು ಪುಸ್ತಕ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಪುಸ್ತಕ ಇಂಗ್ಲಿಷಿನದು. ಒಂದೊಂದೇ ಸಾಲನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡು ಹೇಳತೊಡಗಿದೆ. ‘1901. ಸಾತಾರೆ...’ ಎರಡು ಪುಟ ಆಗುವುದರೊಳಗೆ ಆಕೆ ನನ್ನ ಮೊಣಕೈ ಹಿಡಿದಳು.

‘ನೀ ಸುಮ್ಮನ ಹಾಳಿ ತಿರುವು.’

ತಿರುವಿದೆ. ಆಕೆ ಬೆರಳಿಟ್ಟು ಹೇಳತೊಡಗಿದಳು. ಮೊದಲು ಅಳುಕುತ್ತ, ಆಮೇಲೆ ಹಳೆಯ ದನಿಯಲ್ಲೇ. ಹುಡುಗರು ಅಪ್ಪನನ್ನು ನೋಡಲು ರೈಲು ಹತ್ತಿದರು. ಇಳಿದ ಊರಲ್ಲಿ ಕರೆಯಲು ಯಾರೂ ಬಂದಿಲ್ಲ. ಚಕ್ಕಡಿಯವನ ಮಾತಿಗೂ ಕೊಂಡಿ ಬಂತು. ರಾತ್ರಿಯೆಲ್ಲ ಬುತ್ತಿ ಇದ್ದರೂ ನೀರಿಲ್ಲದೆ ಉಣ್ಣಲಾಗಲಿಲ್ಲ. ಊರಿನ ಹೆಸರು ತಪ್ಪಿತು. ಅತ್ತಿಗೆ ಅಂತ ಯಾರನ್ನೋ ಸೇರಿಸಿದಳು. ಅಪ್ಪನಿಗೆ ಬರೆದ ಕಾಗದ ತಲುಪದೇ ಹೋದದ್ದು ಅವಳ ಕತೆಯಲ್ಲಿ ಬರಲೇ ಇಲ್ಲ. ಕೆಂಪು ಪೆನ್ನು ಹಿಡಿದು ಬದುಕುವವನು ನಾನು, ನಾಲಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಕೂತಿದ್ದೆ.

ಒಂದು ಕಡೆ ಬೆರಳು ನಿಂತಿತು. ಆ ಪುಸ್ತಕದಲ್ಲಿ ನಡುನಡುವೆ ಇತ್ತೀಚಿನ ಪತ್ರಿಕಾ ವರದಿಗಳನ್ನು ಸೇರಿಸಿದ್ದಾರೆ. ಅಲ್ಲಿ ಚಿತ್ರವಲ್ಲ, ಅಚ್ಚಿನ ಅಕ್ಷರ.

‘ಇಲ್ಲೆ ಏನೈತಿ?’

‘ಪೇಪರಿನ ಸುದ್ದಿ. ನೀರಿನ ಸಲುವಾಗಿ, ಜಾತಿ ಸಲುವಾಗಿ ಹೊಡದದ್ದು, ಕೊಂದದ್ದು.’

‘ಆ ಕಾಲದ್ದು?’

‘ಅಲ್ಲವ್ವಾ. ಈಗಿಂದು. ನಾವು ನೀವು ಇದ್ದಾಗಿಂದು.’

ಅವ್ವ ಪುಸ್ತಕದ ಮೇಲಿಟ್ಟ ಕೈ ತೆಗೆಯಲಿಲ್ಲ. ಹೊರಗೆ ಪಕ್ಕದ ಮನೆಯ ಟೀವಿಯ ಸದ್ದು ಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಅಂದಳು: ‘ಕಡ್ಲಿ ಕೀಳಾಕ ಆಳು ಬರತಿದ್ರು. ಹಿತ್ತಲದಾಗ ನೀರು ಕೇಳತಿದ್ರು. ನಾ ಮ್ಯಾಲಿಂದ ಹಾಕತಿದ್ನಿ. ಬೊಗಸಿ ಒಡ್ಡತಿದ್ರು. ನಮ್ಮತ್ತಿ ಹಂಗ ಕಲಿಸಿದ್ರು, ನಾನೂ ಹಂಗ ಮಾಡಿದ್ನಿ.’

ನನಗೆ ಆ ತಾಮ್ರದ ಚರಿಗೆ ನೆನಪಾಯಿತು. ಅದರಲ್ಲಿ ನಾನೂ ಹಾಕಿದ್ದೆ. ಎಷ್ಟೆತ್ತರದಿಂದ ಹಾಕಿದರೆ ನನ್ನ ಕಾಲಿಗೆ ಸಿಡಿಯುವುದಿಲ್ಲ ಅನ್ನುವುದೂ ನನಗೆ ಗೊತ್ತಿತ್ತು.

‘ರೊಟ್ಟಿ ಜಾತ್ರ್ಯಾಗ ಮಠದಾಗ ಎಲ್ಲಾರೂ ಕೂಡಿ ಕುಂತು ಉಣತೀವಿ’ ಅಂದಳು. ಶಿರೋಳದ ತೋಂಟದಾರ್ಯ ಮಠದ ಜಾತ್ರೆಗೆ ಮನೆಮನೆಯಿಂದ ಜೋಳದ ರೊಟ್ಟಿ ಬಡಿದು ಒಯ್ಯುತ್ತಾರೆ. ಅವ್ವ ಪ್ರತಿ ವರ್ಷ ಮೂರು ದಿನ ಒಲೆಯ ಮುಂದೆ ಕೂತು ಬಡಿಯುತ್ತಾಳೆ. ‘ಕರಿಹಿಂಡಿ ಹಚ್ಚಿಕೊಂಡು ಎಲ್ಲಾರೂ ಒಂದ ಸಾಲಿನ್ಯಾಗ. ಮನಿಗೆ ಬಂದ ಮ್ಯಾಲೆ ಮತ್ತ ಹಿತ್ತಲಾ ಹಿತ್ತಲಾನ. ಒಬ್ಬಾಕಿ ಇದ್ಲು, ನನ್ನ ವಾರಗಿ. ಒಂದಿನ ನೀರು ಕೇಳಿದ್ಲು, ನಾ ಕೆಲಸದಾಗ ಇದ್ನಿ, ನಿಲ್ಲ ಅಂದೆ. ಎಷ್ಟ ಹೊತ್ತು ನಿಂತಿದ್ಲೋ. ನಾ ಹೊರಗ ಬರೂದ್ರಾಗ ಹೋಗಿದ್ಲು.’

ನಾನು ಏನೂ ಅನ್ನಲಿಲ್ಲ. ಆಕೆ ಹಿಂದಿನ ಪುಟಗಳನ್ನು ತಾನೇ ತಿರುವಿ, ನಲ್ಲಿಯ ಚಿತ್ರಕ್ಕೆ ಬಂದಳು. ಜವಾನನ ಮಾತಿನ ಗುಳ್ಳೆಯ ಮೇಲೆ, ಆ ಬಾಗಿದ ಕೊಂಡಿಯ ತುದಿಯ ಮೇಲೆ ಬೆರಳಿಟ್ಟಳು.

‘ನಿಲ್ಲ ಅಂದ್ನೆಲ್ಲೋ ತಮ್ಮಾ, ಅದಕ್ಕೂ ಇದು ಇತ್ತೇನು?’

ಕಣ್ಣಿಗೆ ಮತ್ತೆ ಹನಿ ಹಾಕುವ ಹೊತ್ತಾಗಿತ್ತು. ಹಾಕಿದೆ. ಹನಿ ಕೆನ್ನೆಗಿಳಿಯಿತು. ಅರಿವೆಯಲ್ಲಿ ಒರೆಸಿಕೊಂಡು, ಕಣ್ಣು ಮುಚ್ಚಿಕೊಂಡೇ ಅಂದಳು:

‘ಎಲ್ಲಿ ಇದ್ದಿವಿ? ಚಕ್ಕಡಿ. ಹುಡುಗ ಇನ್ನೂ ನೀರು ಕುಡದಿಲ್ಲ. ತಿರುವು.’